ನಿನ್ನ ಒಳ್ಳೆಯದಕ್ಕೇ

"ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ" ಎಂಬ ಮಾತನ್ನು ಈ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಟ್ಟಿಲ್ಲ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಚಾಕ್‌ಪೀಸು, ಡಸ್ಟರು, ಹಾಜರಿ ಪುಸ್ತಕದ ಜೊತೆಗೆ ಅಕ್ಕೋರ ಕೈಗೆ ಸಿಗುವ ನಾಲ್ಕನೆಯ ಸಾಮಾನು ಈ ಮಾತು. ಇದನ್ನು ಆಡಿದ ಮೇಲೆ ಎದುರಿಗಿದ್ದ ಮಗು ಸುಮ್ಮನಾಗುತ್ತದೆ. ಸುಮ್ಮನಾದದ್ದನ್ನು ನಾವು ಒಪ್ಪಿಕೊಂಡಿತು ಎಂದು ತಿಳಿಯುತ್ತೇವೆ. ಈ ಮಾತಿನ ಮೇಲೆ ನನಗೇ ಅನುಮಾನ ಹುಟ್ಟಿದ್ದು ಒಂದು ದೋಣಿ ಪಂದ್ಯದಿಂದ. ಅದೂ ಪೋರ್ಚುಗಲ್ಲಿನಲ್ಲಿ ನಡೆದ, ನಾನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿದ ಪಂದ್ಯದಿಂದ.

ಅಣ್ಣನ ಮಗ ರಜೆಗೆ ಬಂದಿದ್ದ. ಆಟೋಟಗಳ ಹುಚ್ಚು ಅವನಿಗೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, "ಅತ್ತೆ, ನಿಮ್ಮೂರಲ್ಲಿ ದೋಣಿ ಇದೆಯಲ್ಲ, ಇದನ್ನು ನೋಡಿ" ಎಂದು ತೋರಿಸಿದ. 2018ರ ಕೆನೂ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಶಿಪ್‌. ನೇರವಾದ ಒಂದು ಕೊಳ, ಅದರಲ್ಲಿ ಬಿಳಿ ಬುರುಡೆಗಳ ಸಾಲು ಕಟ್ಟಿ ಮಾಡಿದ ಒಂಬತ್ತು ಓಣಿಗಳು, ಓಣಿಗೊಂದು ದೋಣಿ. ದೋಣಿ ಎಂದರೆ ಎಷ್ಟು ಸಪೂರ! ಅಡಿಕೆ ಹಾಳೆಯನ್ನು ಉದ್ದಕ್ಕೆ ಎಳೆದ ಹಾಗೆ. ಅದರಲ್ಲಿ ಹುಡುಗಿಯೊಬ್ಬಳು ಒಂದು ಮೊಣಕಾಲು ಊರಿ, ಇನ್ನೊಂದು ಪಾದವನ್ನು ಮುಂದಿಟ್ಟು, ಎತ್ತರಕ್ಕೆ ನಿಂತಂತೆ ಕುಳಿತಿದ್ದಾಳೆ. ಕೈಯಲ್ಲಿ ಒಂದೇ ಅಲಗಿನ ಹುಟ್ಟು. ಸದ್ದಾದದ್ದೇ ತಡ, ಹುಟ್ಟನ್ನು ಒಂದೇ ಬದಿಗೆ ಎತ್ತಿ ಎತ್ತಿ ನೀರಿಗೆ ಹೊಡೆದಳು. 200 ಮೀಟರು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದೇ ಹೋಯಿತು. ಗೆದ್ದವಳು ಕೆನಡಾದ ಲಾರೆನ್ಸ್ ವಿನ್ಸೆಂಟ್-ಲಪ್ವಾಂತ್ ಎಂದು ಅವನು ಹೇಳಿದ.

ದೋಣಿಯ ಊರಿನವಳಾದ ನನಗೆ ಒಂದು ಸಂಶಯ ಬಂತು. ಒಂದೇ ಬದಿಗೆ ಹುಟ್ಟು ಹಾಕಿದರೆ ದೋಣಿ ಗಿರಕಿ ಹೊಡೆಯಬೇಕಲ್ಲ, ನೇರ ಹೋದದ್ದು ಹೇಗೆ? ಅವನು ವಿವರಿಸಿದ. ಈ ಪಂದ್ಯಗಳಲ್ಲಿ ಎರಡು ಜಾತಿಯ ದೋಣಿಗಳಿವೆ. ಒಂದು ಕಯಾಕ್. ಅದರಲ್ಲಿ ಕಾಲು ಚಾಚಿ ಕೂರುತ್ತಾರೆ, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು, ಕಾಲಿನಿಂದ ತಿರುಗಿಸುವ ಸಣ್ಣ ಚುಕ್ಕಾಣಿಯೂ ಇರುತ್ತದೆ. ಇನ್ನೊಂದು ಕೆನೂ. ಅದಕ್ಕೆ ಚುಕ್ಕಾಣಿಯಿಲ್ಲ. ಪ್ರತಿ ಸಲ ಹುಟ್ಟು ಎಳೆದ ಮೇಲೆ ಕೊನೆಯಲ್ಲಿ ಮಣಿಕಟ್ಟು ತುಸು ತಿರುವಿ ದೋಣಿಯ ಮೂತಿಯನ್ನು ಸರಿಗೆ ತರಬೇಕು. ಇದು ನನಗೆ ಕೂಡಲೇ ಅರ್ಥವಾಯಿತು. ನಮ್ಮ ಅಘನಾಶಿನಿಯಲ್ಲಿ ಪಾತಿದೋಣಿಯ ಹಿಂಬದಿ ಕುಳಿತವರು ಮಾಡುವುದೂ ಹೆಚ್ಚು ಕಡಿಮೆ ಅದನ್ನೇ.

"ಹೆಂಗಸರು ಯಾವಾಗಿನಿಂದ ಇದರಲ್ಲಿ ಇದ್ದಾರೆ?" ಎಂದು ಸುಮ್ಮನೆ ಕೇಳಿದೆ. ಅದಕ್ಕೆ ಸಿಕ್ಕ ಉತ್ತರವನ್ನು ಆಮೇಲೆ ನಾನೂ ಓದಿ ತಿಳಿದುಕೊಂಡೆ. ಗಂಡಸರ ಕೆನೂ ಪಂದ್ಯ ಒಲಿಂಪಿಕ್ಸಿಗೆ ಬಂದದ್ದು 1936ರಲ್ಲಿ, ಬರ್ಲಿನ್ನಿನಲ್ಲಿ. ಎರಡು ವರ್ಷ ಕಳೆದು, 1938ರಲ್ಲಿ, ಸ್ವೀಡನ್ನಿನ ವಾಕ್ಸ್‌ಹೋಮ್ ಎಂಬಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 500 ಮೀಟರಿನ ಒಂದು ಕಯಾಕ್ ಪಂದ್ಯ ಕೊಟ್ಟರು. ಕೂತು ಹುಟ್ಟು ಹಾಕುವುದಾದರೆ ಅಡ್ಡಿಯಿಲ್ಲ ಎಂದು ಲೆಕ್ಕ. ಆದರೆ ಮೊಣಕಾಲೂರಿ ಹುಟ್ಟು ಹಾಕುವ ಕೆನೂ ಮಾತ್ರ ಅವರಿಗೆ ಮುಚ್ಚಿದ ಬಾಗಿಲಾಗಿಯೇ ಉಳಿಯಿತು. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 2009ರಲ್ಲಿ, ಕೆನಡಾದ ಡಾರ್ಟ್‌ಮೌತ್‌ನಲ್ಲಿ, ಬರೀ ಪ್ರದರ್ಶನವೆಂದು ಅದನ್ನು ನಡೆಸಿದರು. ಪದಕದ ಪಂದ್ಯವಾಗಿ ಸೇರಿಸಿದ್ದು 2010ರಲ್ಲಿ, ಪೋಲೆಂಡಿನ ಪೋಜ್ನಾನ್‌ನಲ್ಲಿ. ಒಲಿಂಪಿಕ್ಸಿಗೆ ಬರಲು 2021ರವರೆಗೆ, ಟೋಕಿಯೋದವರೆಗೆ ಕಾಯಬೇಕಾಯಿತು. ಗಂಡಸರು ಮೊಣಕಾಲೂರಿದ ಎಂಬತ್ತೈದು ವರ್ಷಗಳ ನಂತರ ಹೆಂಗಸರಿಗೂ ಮೊಣಕಾಲೂರುವ ಅಪ್ಪಣೆ!

ತಡವಾದದ್ದು ನನಗೆ ಆಶ್ಚರ್ಯವಲ್ಲ. ಹೆಂಗಸರಿಗೆ ಯಾವುದು ಹೊತ್ತಿಗೆ ಸರಿಯಾಗಿ ಬಂದಿದೆ? ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೆ ವರ್ಷಾನುಗಟ್ಟಲೆ ಹೇಳುತ್ತ ಬಂದ ಕಾರಣ. ಒಂದೇ ಬದಿಗೆ ತಿರುಚಿಕೊಂಡು, ಮೊಣಕಾಲ ಮೇಲೆ ಕುಳಿತು ಇಷ್ಟು ಬಿರುಸಾಗಿ ಹುಟ್ಟು ಹಾಕಿದರೆ ಹೆಣ್ಣಿನ ಮೈಗೆ, ಅದರಲ್ಲೂ ಹೆರುವ ಶಕ್ತಿಗೆ ಕೇಡು ಎಂಬುದು ಆ ಕಾರಣ. ಅಂದರೆ ಬಾಗಿಲು ಹಾಕಿದವರು ನಾವು ಬಾಗಿಲು ಹಾಕಿದ್ದೇವೆ ಎಂದು ಹೇಳಲಿಲ್ಲ, ನಾವು ಕಾಪಾಡುತ್ತಿದ್ದೇವೆ ಎಂದರು. ನಿಮ್ಮ ಒಳ್ಳೆಯದಕ್ಕೇ ಎಂದರು.

ಈ ಒಂದೇ ಕ್ರೀಡೆಯ ಕಥೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರು ಓಡಿದರು. ಓಡಿ ಮುಗಿಸಿದವರು ಏದುಸಿರು ಬಿಟ್ಟದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿ ಬರೆದವು. ಓಟದ ಕೊನೆಗೆ ಗಂಡಸರೂ ಏದುಸಿರು ಬಿಡುತ್ತಾರೆ, ಹುಲ್ಲಿನ ಮೇಲೆ ಬೀಳುತ್ತಾರೆ. ಅವರದ್ದು ಛಲವೆನಿಸಿತು, ಇವರದ್ದು ದೌರ್ಬಲ್ಯವೆನಿಸಿತು. ಆ ಓಟವನ್ನು ತೆಗೆದುಹಾಕಿ, ಮತ್ತೆ ಕೊಟ್ಟದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ಹಿಮದ ಇಳಿಜಾರಿನಿಂದ ಹಾರುವ ಸ್ಕೀ ಜಂಪಿಂಗ್ ಗಂಡಸರಿಗೆ 1924ರಲ್ಲೇ ಇತ್ತು, ಹೆಂಗಸರಿಗೆ ಸಿಕ್ಕಿದ್ದು 2014ರಲ್ಲಿ. ಅಲ್ಲಿಯೂ ವೈದ್ಯಕೀಯದ ಹೆಸರು ಹೇಳಿದವರಿದ್ದರು. ಓಟ, ನೆಗೆತ, ಹುಟ್ಟು ಯಾವುದೇ ಇರಲಿ, ಸುತ್ತಿ ಬಳಸಿ ಮಾತು ಹೆಣ್ಣಿನ ಬಸಿರಿಗೇ ಬಂದು ನಿಲ್ಲುತ್ತಿತ್ತು.

ನಮ್ಮ ಹೊಳೆಯ ಕಡೆಗೊಮ್ಮೆ ನೋಡಿ. ಇಳಿತದ ಹೊತ್ತಿಗೆ ಅಘನಾಶಿನಿಯಲ್ಲಿ ಬೆಳಚು ತೆಗೆಯುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಸೊಂಟಮಟ್ಟ ಉಪ್ಪುನೀರಿನಲ್ಲಿ ನಿಂತು, ಬಗ್ಗಿ, ಕೆಸರಿನೊಳಗೆ ಕೈಯಾಡಿಸಿ ಚಿಪ್ಪಿ ಹೆಕ್ಕಿ, ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ದಡಕ್ಕೆ ಬರುತ್ತಾರೆ. ಬಸುರಿಯರೂ ಬರುತ್ತಾರೆ, ಬಾಣಂತನ ಮುಗಿಯಿತೋ ಇಲ್ಲವೋ ಎನ್ನುವವರೂ ಬರುತ್ತಾರೆ. ಗದ್ದೆಯಲ್ಲಿ ನಟ್ಟಿ ಮಾಡುವವರು ದಿನವಿಡೀ ಬೆನ್ನು ಬಗ್ಗಿಸಿರುತ್ತಾರೆ. ಇದರಿಂದ ಗರ್ಭಕೋಶಕ್ಕೆ ಅಪಾಯ, ಕೂಡಲೇ ನಿಲ್ಲಿಸಿ ಎಂದು ಯಾವ ಊರಿನ ಯಾವ ಹಿರಿಯರೂ ಹೇಳಿದ್ದನ್ನು ನಾನು ಕೇಳಿಲ್ಲ. ದುಡಿಮೆಗೆ ಗಟ್ಟಿಯಾಗಿರುವ ಮೈ ಆಟಕ್ಕೆ ಬಂದ ಕೂಡಲೇ ಗಾಜಿನ ಲೋಟವಾಗಿಬಿಡುತ್ತದೆ. ಕಾಪಾಡುವವರಿಗೆ ಭಯವಿದ್ದದ್ದು ಅವಳ ಮೈಯ ಮೇಲೆ ಬೀಳುವ ಭಾರದ ಬಗ್ಗೆ ಅಲ್ಲ ಎಂಬುದಕ್ಕೆ ಇಷ್ಟು ಸಾಕಲ್ಲವೆ?

ಇನ್ನೊಂದು ಮಾತನ್ನೂ ಯೋಚಿಸಬೇಕು. ಒಂದೇ ಬದಿಗೆ ವರ್ಷಗಟ್ಟಲೆ ಹುಟ್ಟು ಹಾಕಿದರೆ ಗಂಡಸಿನ ಮೈಯೂ ಎರಡು ಬದಿ ಒಂದೇ ಸಮ ಬೆಳೆಯುವುದಿಲ್ಲ, ಸೊಂಟ ಬೆನ್ನುಗಳಿಗೂ ಅದು ಸುಖವಲ್ಲ. ಅವರನ್ನು ಯಾರೂ ತಡೆಯಲಿಲ್ಲ. ಅದು ಅವರ ಮೈ, ಅವರ ಇಷ್ಟ. ಹಾಗಾದರೆ ಕೇಡು ಇದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆಯೇ ಅಲ್ಲ. ಕೇಡಿನ ಲೆಕ್ಕ ಹಾಕುವ ಹಕ್ಕು ಯಾರದು ಎಂಬುದು ಮೊದಲ ಪ್ರಶ್ನೆ.

ಕಾರಣಗಳಲ್ಲಿ ಇನ್ನೊಂದೂ ಇತ್ತು. ಅದು ಮೇಲ್ನೋಟಕ್ಕೆ ಬಹಳ ನ್ಯಾಯವಾಗಿ ಕಾಣುತ್ತದೆ. ಕೆನೂ ಹೊಡೆಯುವ ಹೆಂಗಸರು ಎಷ್ಟು ದೇಶಗಳಲ್ಲಿ ಇದ್ದಾರೆ, ನಾಲ್ಕು ಜನರಿಗೆ ಪಂದ್ಯ ಯಾಕೆ ಎಂಬುದು. ಪಂದ್ಯವಿಲ್ಲದ್ದರಿಂದ ಯಾವ ದೇಶವೂ ಹುಡುಗಿಯರಿಗೆ ಕಲಿಸುವುದಿಲ್ಲ, ಕಲಿತವರಿಲ್ಲದ್ದರಿಂದ ಪಂದ್ಯವಿಡುವುದಿಲ್ಲ. ಬಾವಿಗೆ ಹಗ್ಗ ಕೊಡದೆ, ನೀರು ಸೇದುವವರೇ ಇಲ್ಲವಲ್ಲ ಎಂದ ಹಾಗೆ. ಹಗ್ಗ ಕೇಳುತ್ತ ನಿಂತವರೂ ಇದ್ದರು. ಅಮೆರಿಕದ ಪಮೇಲಾ ಬೊಟೆಲರ್ ಎಂಬಾಕೆ ಅದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದು, ವಾದ ಮಾಡಿ, ಜನ ಕೂಡಿಸಿದಳು. ಅವಳು ಸ್ವತಃ ಕೆನೂ ಹೊಡೆಯುವವಳು. ಬಾಗಿಲು ತೆರೆಯುವ ಹೊತ್ತಿಗೆ ಅವಳ ಸ್ಪರ್ಧೆಯ ವಯಸ್ಸು ದಾಟಿತ್ತು.

ಮೈಯ ವಿಚಾರಕ್ಕೆ ಉತ್ತರ ಪಕ್ಕದ ಕಯಾಕ್ ಓಣಿಯಲ್ಲೇ ಇತ್ತು. ಜರ್ಮನಿಯ ಬಿರ್ಗಿಟ್ ಫಿಷರ್ 1980ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಮಾಸ್ಕೋದಲ್ಲಿ ಚಿನ್ನ ಗೆದ್ದಳು. 2004ರಲ್ಲಿ, ನಲವತ್ತೆರಡಕ್ಕೆ, ಅಥೆನ್ಸಿನಲ್ಲಿ ಮತ್ತೆ ಗೆದ್ದಳು. ಒಟ್ಟು ಎಂಟು ಒಲಿಂಪಿಕ್ ಚಿನ್ನ, ನಾಲ್ಕು ಬೆಳ್ಳಿ. ನಡುವೆ ಎರಡು ಮಕ್ಕಳನ್ನು ಹೆತ್ತಿದ್ದಳು. ಇಟಲಿಯ ಜೋಸೆಫಾ ಇಡೆಮ್ ಎರಡು ಮಕ್ಕಳ ತಾಯಿ, 2012ರಲ್ಲಿ ನಲವತ್ತೇಳನೆಯ ವಯಸ್ಸಿನಲ್ಲಿ ಲಂಡನ್ನಿನ ಕೊನೆಯ ಸುತ್ತಿನಲ್ಲಿ ದೋಣಿ ಹೊಡೆದಳು. ನಲವತ್ತೇಳಕ್ಕೆ ನಾನು ಎರಡನೇ ಮಹಡಿಯ ತರಗತಿ ಬೇಡ ಎಂದು ಅರ್ಜಿ ಕೊಟ್ಟಿದ್ದೆ. ಅದು ಇರಲಿ.

ತಪ್ಪಾದ ಕಾಳಜಿಯ ಬೆಲೆ ಎಷ್ಟು ಎಂಬುದಕ್ಕೆ ಮೊಬೈಲಿನಲ್ಲಿ ಕಂಡ ಆ ಕೆನಡಾದ ಹುಡುಗಿಯನ್ನೇ ನೋಡಬೇಕು. 2010ರಲ್ಲಿ ಹೆಂಗಸರ ಕೆನೂವಿಗೆ ಮೊದಲ ವಿಶ್ವ ಪದಕ ಇಟ್ಟಾಗ ಅದನ್ನು ಗೆದ್ದವಳು ಅವಳೇ. ಆಗ ಅವಳಿಗೆ ಹದಿನೆಂಟು. ಮುಂದೆ ಒಟ್ಟು ಹನ್ನೊಂದು ವಿಶ್ವ ಪ್ರಶಸ್ತಿಗಳು ಅವಳ ಪಾಲಾದವು. ಆದರೆ 2012ರ ಲಂಡನ್ ಒಲಿಂಪಿಕ್ಸನ್ನೂ 2016ರ ರಿಯೋ ಒಲಿಂಪಿಕ್ಸನ್ನೂ ಅವಳು ಹೊರಗಿನಿಂದಲೇ ನೋಡಬೇಕಾಯಿತು. ಅವಳ ಪಂದ್ಯವೇ ಅಲ್ಲಿರಲಿಲ್ಲ. ಕೊನೆಗೆ ಬಾಗಿಲು ತೆರೆಯುತ್ತದೆ ಎನ್ನುವಾಗ, 2019ರಲ್ಲಿ, ಅವಳ ಪರೀಕ್ಷೆಯಲ್ಲಿ ನಿಷೇಧಿತ ಮದ್ದಿನ ತೀರ ಸಣ್ಣ ಅಂಶ ಕಂಡಿತು. ಹಂಗೇರಿಯ ಸೆಗೆಡ್‌ನಲ್ಲಿ ನಡೆದ ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು. ಅದು ಅವಳು ಸೇವಿಸಿದ್ದಲ್ಲ, ಸಂಗಾತಿಯಿಂದ ತಾಗಿದ್ದು ಎಂದು 2020ರ ಜನವರಿಯಲ್ಲಿ ಒಪ್ಪಿ ಅವಳನ್ನು ನಿರ್ದೋಷಿ ಎಂದರು. ಆಮೇಲೆ ಕೊರೋನಾ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. 2021ರಲ್ಲಿ ಟೋಕಿಯೋದ ನೀರಿಗೆ ಇಳಿದಾಗ ಅವಳಿಗೆ ಇಪ್ಪತ್ತೊಂಬತ್ತು. ಚಿನ್ನ ಗೆದ್ದವಳು ಅಮೆರಿಕದ ನೆವಿನ್ ಹ್ಯಾರಿಸನ್, ಹತ್ತೊಂಬತ್ತರ ಹುಡುಗಿ. ಇವಳಿಗೆ ಬೆಳ್ಳಿ. ಸೋಲು ಗೆಲುವು ಆಟದಲ್ಲಿ ಇದ್ದದ್ದೇ, ಹತ್ತೊಂಬತ್ತರ ಹುಡುಗಿ ಗೆದ್ದದ್ದು ಅನ್ಯಾಯವೂ ಅಲ್ಲ. ಆದರೆ ಇವಳ ಇಪ್ಪತ್ತು, ಇಪ್ಪತ್ತನಾಲ್ಕರ ತೋಳುಗಳನ್ನು ಇನ್ನು ಯಾರು ತಂದುಕೊಡುತ್ತಾರೆ? ಅವಳ ಮೈಯನ್ನು ಕಾಪಾಡುತ್ತೇವೆ ಎಂದವರು ಅದರ ಅತಿ ಒಳ್ಳೆಯ ವರ್ಷಗಳನ್ನೇ ಅವಳಿಂದ ಕಳೆದರು.

ನ್ಯಾಯ ತಡವಾಗಿ ಬಂದಾಗ ಅದು ಇನ್ನೊಬ್ಬರ ಕೈಯಿಂದಲೂ ಸ್ವಲ್ಪ ಕಿತ್ತುಕೊಂಡೇ ಬರುತ್ತದೆ ಎಂಬುದನ್ನೂ ಹೇಳಬೇಕು. ರಿಯೋದಲ್ಲಿ ಈ ಕ್ರೀಡೆಯ ಸ್ಪ್ರಿಂಟ್ ಪಂದ್ಯಗಳು ಗಂಡಸರಿಗೆ ಎಂಟು, ಹೆಂಗಸರಿಗೆ ನಾಲ್ಕು. ಟೋಕಿಯೋದಲ್ಲಿ ಆರು, ಆರು. ಅದಕ್ಕಾಗಿ ಗಂಡಸರ ಎರಡು ಪಂದ್ಯಗಳನ್ನು ತೆಗೆದರು. ಅವುಗಳಲ್ಲಿ ಒಂದು 200 ಮೀಟರಿನ ಒಂಟಿ ಕೆನೂ. ಅದನ್ನೇ ನಂಬಿ ಬಾಲ್ಯದಿಂದ ಬೆವರು ಸುರಿಸಿದ ಹುಡುಗರಿರುತ್ತಾರೆ, ಅವರು ಮಾಡಿದ ತಪ್ಪೇನು? ಮೊದಲೇ ಸರಿಯಾಗಿ ಹಂಚಿದ್ದರೆ ಯಾರ ಎಲೆಯಿಂದಲೂ ತೆಗೆಯಬೇಕಾಗಿರಲಿಲ್ಲ.

ಇಲ್ಲಿಯವರೆಗೆ ಬರೆಯುವುದು ಸುಲಭ. ದೂರ ದೇಶದ ಸಮಿತಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ನಾನು ನ್ಯಾಯಾಧೀಶೆಯಾಗಿ ಕೂರುವುದಕ್ಕೆ ಖರ್ಚಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸಮಿತಿಯಲ್ಲಿ ನಾನೂ ಕುಳಿತಿದ್ದೆ ಎಂಬುದು ನೆನಪಾಗಿತ್ತು.

1998ರ ಜನವರಿ. ಆಗ ನಾನು ಹೊಳೆಯಂಚಿನ ಒಂದು ಹೈಸ್ಕೂಲಿನಲ್ಲಿದ್ದೆ. ಗಣರಾಜ್ಯೋತ್ಸವದ ದಿನ ಊರಿನ ಹುಡುಗರು ಸೇರಿ ಪಾತಿದೋಣಿ ಸ್ಪರ್ಧೆ ಇಟ್ಟಿದ್ದರು. ಶಾಲೆಯ ಮಕ್ಕಳಿಗೆ ಬೇರೆಯೇ ಒಂದು ಪಂದ್ಯ, ಈ ದಡದಿಂದ ಆ ದಡಕ್ಕೆ. ನಮ್ಮ ಶಾಲೆಯಿಂದ ಏಳು ಗಂಡುಹುಡುಗರು ಹೆಸರು ಕೊಟ್ಟರು. ಎಂಟನೆಯದಾಗಿ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಕೊಟ್ಟಳು. ಹೆಡ್‌ಮಾಸ್ತರು ಚೀಟಿಯನ್ನು ನನ್ನ ಕೈಗಿತ್ತು, "ಹೆಣ್ಮಕ್ಕಳ ವಿಷಯ, ನೀವೇ ನೋಡಿ" ಎಂದರು.

ನಾನು ನೋಡಿದೆ. ಅವಳನ್ನು ಸ್ಟಾಫ್ ರೂಮಿಗೆ ಕರೆದು, "ಬೇಡ ಮಾರಾಯ್ತಿ. ದೊಡ್ಡವಳಾಗಿದ್ದೀಯ. ಊರ ಜನವೆಲ್ಲ ದಡದಲ್ಲಿ ನಿಂತಿರ್ತಾರೆ. ಹೊಳೆ ಬೇರೆ. ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ" ಎಂದೆ.

ಅವಳು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು. "ಅಕ್ಕೋರೇ, ಹೊಳಿಗೆ ನಾ ನಿನ್ನೆಯೂ ಹೋಗಿದ್ನಲ್ರಾ?"

ನಿಜ. ಅವಳು ದಿನಾ ಹೋಗುತ್ತಿದ್ದಳು. ಬೆಳಗಿನ ಜಾವ ಅಪ್ಪ ಬಲೆ ಎಳೆಯುವಾಗ ಹುಟ್ಟು ಹಾಕುವವಳು ಅವಳೇ. ಆಮೇಲೆ ಮಿಂದು, ಕೂದಲು ಒಣಗುವ ಮೊದಲೇ ಜಡೆ ಹಾಕಿಕೊಂಡು ನನ್ನ ತರಗತಿಗೆ ಬಂದು ಕೂರುತ್ತಿದ್ದಳು. ಅವಳ ಮೈಯಲ್ಲಿ ಹೊಳೆಯ ವಾಸನೆ ಇರುತ್ತಿತ್ತು, ಅದು ನನಗೆ ಗೊತ್ತಿತ್ತು. ಆ ಏಳು ಹುಡುಗರಲ್ಲಿ ಇಬ್ಬರಿಗೆ ಸರಿಯಾಗಿ ಈಜೂ ಬರುತ್ತಿರಲಿಲ್ಲ, ಅದೂ ಗೊತ್ತಿತ್ತು. ಅವರನ್ನು ನಾನು ತಡೆಯಲಿಲ್ಲ.

"ಅದು ಬೇರೆ, ಇದು ಬೇರೆ" ಎಂದೆ. ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಪಂದ್ಯದ ದಿನ ಅವಳು ದಡದಲ್ಲಿ ನಿಂತು ತಮ್ಮನಿಗೆ ಚಪ್ಪಾಳೆ ತಟ್ಟಿದಳು.

ಈಗ ನನ್ನ ಪರವಾಗಿಯೂ ಸ್ವಲ್ಪ ವಾದಿಸಿ ನೋಡುತ್ತೇನೆ. ಕೆನೂ ಬೇಡವೆಂದವರು ತಡೆದದ್ದು ತಿಳಿವಳಿಕೆ ಬಂದ, ತಮ್ಮ ಮೈಯ ಲೆಕ್ಕ ತಾವೇ ಹಾಕಬಲ್ಲ ಹೆಂಗಸರನ್ನು. ನಾನು ತಡೆದದ್ದು ಹದಿನಾಲ್ಕು ವರ್ಷದ ಮಗುವನ್ನು. ಮಕ್ಕಳ ವಿಷಯದಲ್ಲಿ ಬೇಡ ಎನ್ನುವ ಅಧಿಕಾರ ಹಿರಿಯರಿಗೆ ಇರಲೇಬೇಕು. ಆಷಾಢದಲ್ಲಿ ಹೊಳೆ ಕೆಂಪಾಗಿ ಉಕ್ಕುವಾಗ ದೋಣಿ ಹತ್ತಬೇಡಿ ಎಂದು ನಾನು ಎಷ್ಟೋ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಂಡಿದ್ದೇನೆ. ಅವು ಅತ್ತಿವೆ, ಬೈದುಕೊಂಡಿವೆ. ಆ ಬೇಡಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಹಾಗಾದರೆ ಈ ಒಂದು ಬೇಡ ಮಾತ್ರ ಯಾಕೆ ಚುಚ್ಚುತ್ತದೆ?

ಯಾಕೆಂದರೆ ಆಷಾಢದ ಬೇಡದಲ್ಲಿ ನಾನು ಹೊಳೆಗೆ ಹೆದರಿದ್ದೆ, ಜನವರಿಯ ಬೇಡದಲ್ಲಿ ದಡಕ್ಕೆ ಹೆದರಿದ್ದೆ. ದಡದಲ್ಲಿ ನಿಂತವರು ಏನೆನ್ನುತ್ತಾರೋ, ಅಕ್ಕೋರೇ ಬಿಟ್ಟರಂತೆ ಎಂದು ನನ್ನ ಹೆಸರೆತ್ತುತ್ತಾರೋ ಎಂಬುದು ನನ್ನ ಭಯ. ಭಯ ನನ್ನದು, ಒಳ್ಳೆಯದು ಅವಳದ್ದು ಎಂದು ಹೇಳಿಬಿಟ್ಟೆ. ಮಗುವನ್ನು ತಡೆದದ್ದು ತಪ್ಪಲ್ಲ ಎಂದೇ ಇಟ್ಟುಕೊಂಡರೂ, ನನ್ನ ಅಂಜಿಕೆಯನ್ನು ಅವಳ ಹಿತವೆಂದು ಅವಳಿಗೇ ನಂಬಿಸಿದ್ದು ಸುಳ್ಳು. ಆ ಸುಳ್ಳು ಎಂಥದ್ದೆಂದರೆ, ಕೇಳಿದವರಿಗೆ ಸಿಟ್ಟು ಮಾಡಲೂ ಜಾಗವಿರುವುದಿಲ್ಲ. ಬೈದರೆ ತಿರುಗಿ ಬೈಯಬಹುದು. ಪ್ರೀತಿಯಿಂದ ಕಟ್ಟಿಹಾಕಿದರೆ ಬಿಡಿಸಿಕೊಂಡವಳೇ ಕೃತಘ್ನೆಯಾಗುತ್ತಾಳೆ.

ನಿಜವಾದ ಕಾಳಜಿಯನ್ನು ಗುರುತಿಸುವುದು ಹೇಗೆ? ನನಗೆ ತೋಚಿದ್ದು ಇಷ್ಟು. ಅದು ವಿಚಾರಿಸುತ್ತದೆ. ಅಪಾಯ ಎಷ್ಟು, ಯಾವಾಗ, ಯಾರಿಗೆ ಎಂದು ಕೇಳಿ ತಿಳಿಯುತ್ತದೆ. ಅದೇ ಅಪಾಯಕ್ಕೆ ಗಂಡುಹುಡುಗನನ್ನು ಬಿಡುತ್ತೇನೆಯೇ, ಅದೇ ನೀರಿಗೆ ಅವಳನ್ನು ದುಡಿಯಲು ಕಳಿಸುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ. ಬೇಡ ಎಂದಮೇಲೂ ಅಲ್ಲಿಗೇ ಮುಗಿಸುವುದಿಲ್ಲ, ಯಾವಾಗ ಬೇಕು, ಹೇಗೆ ಬೇಕು ಎಂದು ದಾರಿ ಹುಡುಕುತ್ತದೆ. ಆ ದಿನ ನನಗೆ ನಿಜಕ್ಕೂ ಕಾಳಜಿ ಇದ್ದಿದ್ದರೆ ಎಂಟೂ ಮಕ್ಕಳ ಹಿಂದೆ ಒಂದು ದೊಡ್ಡ ದೋಣಿ ಇರಲಿ, ಅದರಲ್ಲಿ ಈಜು ಬಲ್ಲ ಇಬ್ಬರು ಇರಲಿ ಎಂದು ಹಟ ಹಿಡಿಯುತ್ತಿದ್ದೆ. ಈಜು ಬಾರದ ಆ ಇಬ್ಬರು ಹುಡುಗರಿಗೆ ಅದು ಅವಳಿಗಿಂತ ಹೆಚ್ಚು ಅಗತ್ಯವಿತ್ತು.

ಹೋದ ವರ್ಷ ಅವಳು ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕಳು. ಎದುರಿಗೆ ಬುಟ್ಟಿ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಗುರುತು ಹಿಡಿದು, "ಅಕ್ಕೋರೇ, ಚೊಲೋದ್ರಾ?" ಎಂದು ನಕ್ಕಳು. ನಾನು ಧೈರ್ಯ ಮಾಡಿ ಆ ದೋಣಿ ಸ್ಪರ್ಧೆಯ ಮಾತೆತ್ತಿದೆ. ತಪ್ಪು ಒಪ್ಪಿಕೊಳ್ಳುವ ಮಾತುಗಳನ್ನು ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿ ಇಟ್ಟುಕೊಂಡಿದ್ದೆ. ಅವಳು ಸ್ವಲ್ಪ ಯೋಚಿಸಿ, "ನಂಗೆ ನೆನಪಿಲ್ಲ ಅಕ್ಕೋರೇ. ಆಗೆಲ್ಲ ಅಂಥದ್ದು ಎಷ್ಟಿತ್ತು" ಎಂದಳು. ಆಮೇಲೆ ಇನ್ನೊಂದು ಗಿರಾಕಿಯ ಕಡೆ ತಿರುಗಿದಳು.

ಅವಳು ಬೈದಿದ್ದರೆ ಹಗುರಾಗುತ್ತಿತ್ತು, ಕ್ಷಮಿಸಿದ್ದರೂ ಹಗುರಾಗುತ್ತಿತ್ತು. ನನ್ನ ಬೇಡ ಅವಳ ನೆನಪಿನಲ್ಲಿ ನಿಲ್ಲುವಷ್ಟು ದೊಡ್ಡದೇ ಆಗಿರಲಿಲ್ಲ. ಅಂಥವು ಅಷ್ಟಿದ್ದವು. ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು ಎಂದು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಯಾವ ಪಾಪವನ್ನು, ಎಷ್ಟು ದಿನಕ್ಕೆ ಎಂದು ಯಾವ ಮಗುವೂ ಇದುವರೆಗೆ ಕೇಳಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹೆಂಗಸರ 200 ಮೀಟರ್ ಕೆನೂವಿನ ಕೊನೆಯ ಪಂದ್ಯವನ್ನು ಮೊನ್ನೆ ನಾನೇ ಹುಡುಕಿ ನೋಡಿದೆ. ಕೆನಡಾದ ಕೇಟಿ ವಿನ್ಸೆಂಟ್ 44.12 ಸೆಕೆಂಡು, ನೆವಿನ್ ಹ್ಯಾರಿಸನ್ 44.13. ಸೆಕೆಂಡಿನ ನೂರರಲ್ಲೊಂದು ಪಾಲು ಅಂತರ, ಕಣ್ಣಿಗೆ ಕಾಣುವುದೇ ಇಲ್ಲ. ಈ ಇಬ್ಬರಲ್ಲಿ ಯಾರು ಗೆದ್ದರು ಎಂಬುದಕ್ಕೆ ಅಷ್ಟು ಸೂಕ್ಷ್ಮವಾದ ಗಡಿಯಾರ ಇದೆ. ನೀರಿಗೆ ಇಳಿಯದಂತೆ ತಡೆದ ಎಂಬತ್ತೈದು ವರ್ಷಗಳಲ್ಲಿ ಎಷ್ಟು ಜನ ದಡದಲ್ಲೇ ಉಳಿದರು ಎಂದು ಅಳೆಯುವುದಕ್ಕೆ ಯಾವ ಗಡಿಯಾರವೂ ಇಲ್ಲ.

ಈಗಲೂ ನಾನು ಮಕ್ಕಳಿಗೆ ಬೇಡ ಎನ್ನುತ್ತೇನೆ, ಕೆಲವೊಮ್ಮೆ ಗದರಿಯೇ ಎನ್ನುತ್ತೇನೆ. "ನಿನ್ನ ಒಳ್ಳೆಯದಕ್ಕೇ" ಎಂಬುದನ್ನು ಮಾತ್ರ ಬಾಯಿಗೆ ಬಂದಾಗ ಒಮ್ಮೆ ನುಂಗಿ ನೋಡುತ್ತೇನೆ. ಬದಲಿಗೆ, "ನನಗೆ ಹೆದರಿಕೆಯಾಗ್ತದೆ" ಎಂದು ಹೇಳಲು ಕಲಿಯುತ್ತಿದ್ದೇನೆ. ಹಾಗೆ ಹೇಳಿದಾಗ ಮಕ್ಕಳು ಸುಮ್ಮನಾಗುವುದಿಲ್ಲ. "ಯಾಕೆ ಅಕ್ಕೋರೇ?" ಎಂದು ಕೇಳುತ್ತವೆ. ಉತ್ತರ ಹೇಳಬೇಕಾಗುತ್ತದೆ.